ಬಣ್ಣ ಹಚ್ಚಿದ ಡಯಲ್ಲಿನ ತಕರಾರು

ಹಳೆಯ ಕೈಗಡಿಯಾರಗಳನ್ನು ಆನ್‌ಲೈನಿನಲ್ಲಿ ಮಾರುವ ಕೆಲಸ ಹಿಡಿದ ಮೇಲೆ ನನಗೆ ಬಂದ ತಕರಾರುಗಳಲ್ಲಿ ಹೆಚ್ಚಿನವು ನಿಜವಾಗಿ ಗಡಿಯಾರದ ತಕರಾರುಗಳೇ ಅಲ್ಲ. ವಾಚು ನಿಂತುಹೋಗಿದೆ ಎಂದು ಬರೆದವರನ್ನು ಚಾವಿ ಕೊಟ್ಟಿರಾ ಎಂದು ಕೇಳಿದರೆ, ಡಬ್ಬಿಯಲ್ಲಿ ಚಾವಿ ಇರಲಿಲ್ಲವಲ್ಲ ಎಂದು ಉತ್ತರ ಬರುತ್ತಿತ್ತು. ಪಕ್ಕದ ಸಣ್ಣ ತಿರುಪನ್ನು ಬೆರಳಿನಿಂದ ತಿರುಗಿಸುವುದಕ್ಕೇ ಚಾವಿ ಕೊಡುವುದು ಅನ್ನುತ್ತಾರೆ ಎಂದು ತಿಳಿಸಲು ನಾನು ಒಂದು ವಿಡಿಯೊ ಮಾಡಿ ಇಟ್ಟುಕೊಂಡಿದ್ದೆ. ಅದನ್ನು ಕಳಿಸಿದ ಮೇಲೆ ಆ ತಕರಾರು ಮುಗಿಯುತ್ತಿತ್ತು. ಕೊಳ್ಳುವವರೆಲ್ಲ ನನ್ನನ್ನು ಸರ್ ಎಂದು ಕರೆಯುತ್ತಿದ್ದರು. ಹಳೆಯ ವಾಚು ಮಾರುವವರು ಹೆಂಗಸು ಇರಬಹುದೆಂದು ಯಾರಿಗೂ ಹೊಳೆದಂತಿರಲಿಲ್ಲ. ನಾನೂ ತಿದ್ದಲು ಹೋಗಿರಲಿಲ್ಲ.

ನಮ್ಮದು ಇಂಡಿ. ನನ್ನ ಗಂಡನದು ಲಿಂಬೆಹಣ್ಣಿನ ವ್ಯಾಪಾರ. ಮನೆಯ ಮುಂದಿನ ಕೋಣೆಯಲ್ಲಿ ಅವರ ಹಣ್ಣಿನ ಚೀಲಗಳು, ಒಳಗಿನ ಸಣ್ಣ ಕೋಣೆಯಲ್ಲಿ ನನ್ನ ವಾಚುಗಳು. ಸುತ್ತಲಿನ ಊರುಗಳಲ್ಲಿ ಒಂದು ಕಾಲಕ್ಕೆ ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು, ರೇಡಿಯೊ, ವಾಚು ಕೊಡುವ ರೂಢಿ ಇತ್ತು. ಸೈಕಲ್ಲುಗಳು ಗುಜರಿಗೆ ಹೋದವು, ರೇಡಿಯೊಗಳನ್ನು ಮಕ್ಕಳು ಬಿಚ್ಚಿ ಹಾಳು ಮಾಡಿದರು. ವಾಚುಗಳು ಮಾತ್ರ ಟ್ರಂಕುಗಳ ತಳದಲ್ಲಿ ಉಳಿದಿದ್ದವು. ಅವನ್ನು ಕೊಂಡು, ಬಿಚ್ಚಿಸಿ ಎಣ್ಣೆ ಹಾಕಿಸಿ, ಫೋಟೊ ತೆಗೆದು, ವಿವರ ಬರೆದು ಮಾರುತ್ತಿದ್ದೆ. ವಿವರ ಬರೆಯುವಾಗ ಬಹಳ ಹುಷಾರಿ ಬೇಕು. ಗೀರು ಇದ್ದರೆ ಗೀರು ಇದೆ ಎನ್ನಬೇಕು. ಸಂಗ್ರಹ ಮಾಡುವವರು ಗೀರನ್ನು ಕ್ಷಮಿಸುತ್ತಾರೆ, ಹೇಳದೆ ಬಿಟ್ಟದ್ದನ್ನು ಕ್ಷಮಿಸುವುದಿಲ್ಲ.

ಈಗ ಹೇಳಹೊರಟ ವಾಚನ್ನು ನಾನು ಕೊಂಡದ್ದು ನಾಲತವಾಡದ ಒಂದು ಒಕ್ಕಲುತನದ ಮನೆಯಲ್ಲಿ. ಯಜಮಾನರು ತೀರಿಕೊಂಡು ಕೆಲವು ವರ್ಷ ಆಗಿತ್ತು. ಅವರ ಹೆಂಡತಿ ಆ ದಿನ ಮಗಳ ಊರಿಗೆ ಹೋಗಿದ್ದರು. ಮಗ ಟ್ರ್ಯಾಕ್ಟರಿನ ಕೆಳಗಿನಿಂದ ಎದ್ದು ಬಂದು, ಕೈ ಒರೆಸಿಕೊಂಡು, ವಾಚು ತಂದುಕೊಟ್ಟ. ಹಾಲುಬಿಳಿ ಡಯಲ್ಲು, ಸಣ್ಣ ಕಪ್ಪು ಅಂಕಿಗಳು, ಚಾವಿ ಕೊಟ್ಟರೆ ನಡೆಯುತ್ತಿತ್ತು.

“ಇದರಾಗ ಏನರ ರಿಪೇರಿ ಆಗೈತೇನ್ರಿ?” ಎಂದು ಕೇಳಿದೆ.

“ನಮ್ಮ ಅಪ್ಪ ಇನ್ನೊಬ್ರ ಕೈಯಾಗ ಕೊಡತಿದ್ದಿಲ್ರಿ ಇದನ್ನ. ಮದುವ್ಯಾಗಿಂದ ಹ್ಯಾಂಗಿತ್ತು ಹಂಗ ಐತಿ” ಎಂದ.

ನಾನು ಅದನ್ನೇ ಬರೆದೆ: ಒಬ್ಬರೇ ಬಳಸಿದ್ದು, ಮೂಲ ಡಯಲ್. ಬಸವನ ಬಾಗೇವಾಡಿಯ ಒಬ್ಬರು ಕೊಂಡರು. ವಾಚು ಅವರಿಗೆ ಮುಟ್ಟಿದ ಮರುದಿನವೇ ಫೋನಿನಲ್ಲಿ ಕೆಂಪು ಪಟ್ಟಿ ಬಂತು. ವಸ್ತು ವಿವರಣೆಯಂತೆ ಇಲ್ಲ. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು: “ಸರ್, ವಾಚ್ ಖರೇ ಐತಿ. ಡಯಲ್ ಸುಳ್ಳ ಐತಿ.”

ಯಾವ ಆಧಾರದ ಮೇಲೆ ಹೀಗೆ ಹೇಳುತ್ತೀರಿ ಎಂದು ಸೌಜನ್ಯದಿಂದಲೇ ಕೇಳಿದೆ. ಭೂತಗನ್ನಡಿಯ ಮೂಲಕ ತೆಗೆದ ಫೋಟೊಗಳು ಬಂದವು. ಅಂಕಿಗಳ ಸುತ್ತ ಕೆಂಪು ವೃತ್ತ ಹಾಕಿದ್ದರು. ನನ್ನ ಕಣ್ಣಿಗೆ ಅಂಕಿಗಳು ಅಂಕಿಗಳಂತೆಯೇ ಕಂಡವು. ಹಾಗಾದರೆ ವಾಚು ಹಿಂದಕ್ಕೆ ಕಳಿಸಿ, ನಿಮ್ಮ ಹಣ ನಿಮಗೆ ಬರುತ್ತದೆ ಎಂದೆ. ಕಳಿಸುವುದಿಲ್ಲ ಎಂದರು. ಹಾಗಾದರೆ ಸ್ವಲ್ಪ ಹಣ ಬಿಡುತ್ತೇನೆ ಎಂದೆ. ಅದೂ ಬೇಡ ಎಂದರು. ಮತ್ತೇನು ಬೇಕು ಎಂದದ್ದಕ್ಕೆ, “ನೀವು ಬರದದ್ದು ತಪ್ಪ ಅಂತ ಬರೀರಿ” ಎಂಬ ಉತ್ತರ ಬಂತು.

ಆ ಮಾರುಕಟ್ಟೆಯ ಆ್ಯಪಿನಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ. ವಾಪಸು ಕಳಿಸುವುದಕ್ಕೆ ಒಂದು ಬಟನ್, ಹಣಕ್ಕೆ ಇನ್ನೊಂದು. ಸಹಾಯವಾಣಿಯ ಹುಡುಗಿ, ಅವರಿಗೆ ರಿಟರ್ನ್ ಬೇಕಂತಾ, ರಿಫಂಡ್ ಬೇಕಂತಾ ಎಂದು ಮತ್ತೆ ಮತ್ತೆ ಕೇಳಿದಳು. ಎರಡೂ ಬೇಡವಂತೆ, ಸತ್ಯ ಬೇಕಂತೆ ಎಂದೆ. ಅವಳು ಲೈನಿನಲ್ಲಿ ಕಾಯಲು ಹೇಳಿದಳು. ಸ್ವಲ್ಪ ಹೊತ್ತು ಸಂಗೀತ ಕೇಳಿಸಿ ಕಾಲ್ ಕಟ್ಟಾಯಿತು. ತಕರಾರು ಬಗೆಹರಿಯುವವರೆಗೆ ಹೊಸ ವಾಚು ಹಾಕುವಂತಿಲ್ಲ ಎಂದು ನನ್ನ ಖಾತೆಯನ್ನು ತಡೆಹಿಡಿದರು.

“ಏನರ ಕೊಟ್ಟು ಕೈ ತೊಳ್ಕೊ” ಎಂದರು ನನ್ನ ಗಂಡ, ಲಿಂಬೆ ಆರಿಸುತ್ತ.

“ಅವರು ಏನೂ ಕೇಳವಲ್ರಲ್ರಿ.”

“ಏನೂ ಕೇಳದಿದ್ದಾಂವನ ಕೂಡ ಬಗೀಹರಿಯೂದಿಲ್ಲ, ಬಿಡು.”

ನಾನು ಹೋಗಿ ನೋಡುವುದೆಂದು ನಿಶ್ಚಯಿಸಿದೆ. ಡಬ್ಬಿಯ ಮೇಲೆ ಅಂಟಿಸಿದ್ದ ವಿಳಾಸ ನನ್ನಲ್ಲಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ತಕರಾರು ಮಾಡಿದವರ ಊರಿಗೆ ಹೋಗುವುದು ನನಗೆ ದೊಡ್ಡ ವಿಷಯವಾಗಿ ಉಳಿದಿರಲಿಲ್ಲ. ಬರುತ್ತೇನೆ ಎಂದು ಮೆಸೇಜು ಹಾಕಿ, ವಿಜಯಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಬಾಗೇವಾಡಿ ಮುಟ್ಟಿದೆ.

ಬಾಗಿಲು ತೆರೆದವರು ಅರವತ್ತು ದಾಟಿದ, ತೆಳ್ಳಗಿನ, ಇಸ್ತ್ರಿ ಅಂಗಿಯ ಮನುಷ್ಯ. ಭೂಮಾಪನ ಇಲಾಖೆಯಿಂದ ನಿವೃತ್ತರಾದವರೆಂದು ಆಮೇಲೆ ತಿಳಿಯಿತು.

“ನಾ ಇಂಡಿಯಿಂದ ಬಂದೇನ್ರಿ. ವಾಚಿನ ತಕರಾರು ಇತ್ತಲ್ರಿ.”

ಅವರು ನನ್ನ ಹೆಗಲ ಮೇಲಿಂದ ಓಣಿಯ ಕಡೆ ನೋಡಿದರು. “ಅವರು ಎಲ್ಲಿ ಅದಾರ್ರಿ?”

“ಯಾರ್ರಿ?”

“ವಾಚ ಮಾರಿದವರು.”

“ನಾನ ರೀ.”

ಅವರು ಮತ್ತೊಮ್ಮೆ ಓಣಿಯ ಕಡೆ ನೋಡಿದರು. ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು: “ಒಳಗ ಕರೀರಿ, ಬಿಸಲಾಗ ನಿಂದರಿಸಿ ಮಾತಾಡ್ತೀರೇನು?” ನೀರು ಬಂತು, ಚಹಾ ಬಂತು. ಚಹಾ ಕೊಡುವಾಗ ಆಕೆ ನನ್ನ ಕಿವಿಯ ಹತ್ತಿರ, “ಅವರು ಮಂದಿ ಹೊಲದ ಬಾಂದಗಲ್ಲ ಅಳದು ಅಳದು ಹಿಂಗ ಆಗ್ಯಾರ, ಮನಸಿಗೆ ಹಚಗೋಬ್ಯಾಡ್ರಿ” ಎಂದರು.

“ತಪ್ಪ ತಿಳ್ಕೋಬ್ಯಾಡ್ರಿ” ಎಂದು ಅವರು ಶುರು ಮಾಡಿದರು. “ನಾ ರೊಕ್ಕಾ ಕೇಳಾಕತ್ತಿಲ್ಲ. ಡಯಲ್ ಮೂಲದ್ದಲ್ಲ ಅಂತ ಒಪ್ಪಕೊಳ್ರಿ, ಅಷ್ಟ.”

“ಅಲ್ಲ ಅನ್ನೂದು ನನಗರ ಕಾಣಬೇಕಲ್ರಿ.”

“ಬರ್ರಿ, ತೋರಸ್ತೇನಿ.”

ಅಂಗಳಕ್ಕೆ ಕರೆದುಕೊಂಡು ಹೋದರು. ಗಾಜು ತೆಗೆದ ವಾಚನ್ನು ಅಂಗೈಯಲ್ಲಿ ಹಿಡಿದು, ಬಿಸಿಲು ಡಯಲ್ಲಿನ ಮೇಲೆ ಓರೆಯಾಗಿ ಬೀಳುವಂತೆ ನಿಧಾನವಾಗಿ ವಾಲಿಸಿದರು. ನೇರವಾಗಿ ನೋಡಿದರೆ ಏನೂ ಇರಲಿಲ್ಲ. ಓರೆಬಿಸಿಲಿಗೆ ಆರರ ಅಂಕಿಯ ಮೇಲುಗಡೆ, ಬಿಳಿ ಬಣ್ಣದ ಅಡಿಯಿಂದ, ಕೂದಲೆಳೆಯಷ್ಟು ಉಬ್ಬಿದ ಒಂದು ಸಾಲು ಕಂಡಿತು. ಮೊದಲು ಗೀರೆಂದುಕೊಂಡೆ. ಭೂತಗನ್ನಡಿ ಹಿಡಿದಾಗ ಅಕ್ಷರಗಳೆಂದು ಗೊತ್ತಾಯಿತು. ಇಂಗ್ಲಿಷ್ ಅಕ್ಷರಗಳು. ಯಾರೋ ಇಡೀ ಡಯಲ್ಲಿಗೆ ಬಣ್ಣ ಹಚ್ಚಿ, ಅಂಕಿಗಳನ್ನು ಮತ್ತೆ ಬರೆದಿದ್ದರು.

“ಹೌದ್ರಿ” ಎಂದೆ. “ಇದು ಮ್ಯಾಲ ಹಚ್ಚಿದ್ದು.”

ಅಲ್ಲಿಗೆ ತಕರಾರು ಮುಗಿಯಬೇಕಿತ್ತು. ನಾನು ಫೋನು ತೆಗೆದು, ವಿವರ ತಪ್ಪಿದೆ ಎಂದು ಬರೆದು, ತಕರಾರು ಮುಚ್ಚಿಬಿಡಿ ಎಂದೆ. ಆದರೆ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅಕ್ಷರಗಳ ಕಡೆಯೇ ನೋಡುತ್ತಿದ್ದರು.

“ಯಾಕ ಹಚ್ಯಾರ?” ಎಂದರು. “ಡಯಲ್ ಕೆಟ್ಟಿಲ್ಲ, ಕಪ್ಪಾಗಿಲ್ಲ. ಚಲೋ ಇದ್ದದ್ದರ ಮ್ಯಾಲ ಯಾಕ ಹಚ್ಚತಾರ?”

ಅಲ್ಲಿಂದಲೇ ನಾಲತವಾಡಕ್ಕೆ ಫೋನು ಮಾಡಿದೆ. ಮಗನಿಗೆ ಏನೂ ಗೊತ್ತಿರಲಿಲ್ಲ. “ಅವ್ವಾ, ವಾಚಿಗೆ ಬಣ್ಣಾ ಹಚ್ಚಿದ್ದಂತ” ಎಂದು ಅವನು ಅತ್ತ ತಿರುಗಿ ಹೇಳಿದ್ದು ಕೇಳಿಸಿತು. ಆಮೇಲೆ ಅವನ ತಾಯಿಯೇ ಫೋನು ತೆಗೆದುಕೊಂಡರು. “ಅದನ್ನ ತಗೊಂಡ ಬರ್ರಿ. ಫೋನಿನ್ಯಾಗ ಹೇಳೂ ಮಾತಲ್ಲ ಅದು” ಎಂದರು.

ಎರಡು ದಿನ ಬಿಟ್ಟು ಹೋದೆವು. ನಾನು ಇಂಡಿಯಿಂದ ಬಂದೆ, ಅವರು ಬಾಗೇವಾಡಿಯಲ್ಲಿ ಹತ್ತಿದರು, ಮುದ್ದೇಬಿಹಾಳದಲ್ಲಿ ಇಳಿದು ನಾಲತವಾಡದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವರು ಹೆಚ್ಚು ಮಾತಾಡಲಿಲ್ಲ. ತಕರಾರು ಮಾಡಿದವರ ಪಕ್ಕದ ಸೀಟಿನಲ್ಲಿ ಕುಳಿತು ಹೋಗುವುದು ನನಗೂ ಹೊಸದು. ಎಲೆಯಲ್ಲಿ ಕಟ್ಟಿದ ಪೇಡೆ ಕೊಂಡರು, ಬರಿಗೈಲಿ ಹೋಗಬಾರದೆಂದು.

ಆ ತಾಯಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಸೊಸೆ ಒಳಗೆ ರೊಟ್ಟಿ ಬಡಿಯುವ ಸದ್ದು, ಮೊಮ್ಮಕ್ಕಳ ಟಿವಿ ಸದ್ದು. ವಾಚನ್ನು ಕೈಗೆ ಕೊಟ್ಟಾಗ ಸೆರಗಿನಿಂದ ಅದರ ಬೆನ್ನು ಒರೆಸಿ ನೋಡಿದರು. ಕಣ್ಣಿನ ಆಪರೇಶನ್ ಆಗಿದ್ದರೂ ಸಣ್ಣದು ಕಾಣುವುದಿಲ್ಲ ಎಂದರು.

“ನೀವ ಓದ್ರಿ” ಎಂದು ಬಾಗೇವಾಡಿಯವರಿಗೆ ವಾಪಸು ಕೊಟ್ಟರು.

ಅವರು ಅಂಗಳದ ಬಿಸಿಲಿಗೆ ಹೋಗಿ, ಒಂದೊಂದೇ ಅಕ್ಷರವಾಗಿ ಕೂಗಿ ಓದಿದರು. ಒಂದು ಅಂಗಡಿಯ ಹೆಸರು. ಊರು ಆಲಮೇಲ. ಕೊನೆಗೆ ತಡೆದು, “ಮುಂದಿನದು ತಿಳಿವಲ್ದು” ಎಂದರು.

“ಆಂಡ್ ಸನ್ಸ್ ಅಂತ ಐತಿ” ಎಂದರು ಆ ತಾಯಿ. “ನಮ್ಮಪ್ಪನ ಅರಿವಿ ಅಂಗಡಿ. ಆಗ ನಮ್ಮ ತಮ್ಮ ಇನ್ನಾ ಹುಟ್ಟಿರಲಿಲ್ಲ. ನಾವು ಇಬ್ರೂ ಹೆಣ್ಣಮಕ್ಕಳ. ನಮ್ಮಪ್ಪ ಮೊದಲ ಸನ್ಸ್ ಅಂತ ಬರಸಿಬಿಟ್ಟಿದ್ದ.”

ಅವರು ಹೇಳಿದ್ದು ಇಷ್ಟು. ತಂದೆ ಸೊಲ್ಲಾಪುರದ ಒಂದು ಗಡಿಯಾರದ ಅಂಗಡಿಯಲ್ಲಿ ಡಯಲ್ಲಿನ ಮೇಲೆ ತಮ್ಮ ಅಂಗಡಿಯ ಹೆಸರು ಹಾಕಿಸಿ, ಹಿರಿಯ ಅಳಿಯನ, ಅಂದರೆ ಈ ಮನೆಯ ಯಜಮಾನರ, ಮದುವೆಯಲ್ಲಿ ಒಂದು, ಎರಡನೆಯ ಅಳಿಯನ ಮದುವೆಯಲ್ಲಿ ಅಂಥದ್ದೇ ಇನ್ನೊಂದು ಕೊಟ್ಟಿದ್ದರು. ಬಹಳ ವರ್ಷಕ್ಕೆ ಗಂಡು ಹುಟ್ಟಿತು. ಅವನ ಮೊದಲ ಕೂದಲು ತೆಗೆಸುವ ಜವಳದ ದಿನ, ಮಂದಿಯ ಎದುರಿಗೆ ಅಳಿಯಂದಿರಿಗೆ ಬಟ್ಟೆಯ ಆಹೇರಿ ಮಾಡುವಾಗ, ಹಿರಿಯನನ್ನು ಬಿಟ್ಟು ಕಿರಿಯನ ತಲೆಗೆ ಮೊದಲು ರುಮಾಲು ಸುತ್ತಿದರು.

“ನಮ್ಮ ಯಜಮಾನರು ಊಟಾ ಮಾಡಲಿಲ್ಲ. ನನ್ನ ಕರಕೊಂಡು ಹೊಳ್ಳಿ ಬಂದ್ರು. ಮುಂದ ಹದಿನೈದ ದಿನಕ್ಕ ವಿಜಾಪುರಕ್ಕ ಹೋಗಿ ಹೆಸರು ಒರಸಿಕೊಂಡು ಬಂದ್ರು. ನನಗ ತೋರಸಿದ್ರು, ನೋಡು ಹ್ಯಾಂಗಾತು ಅಂತ.”

“ನೀವು ಏನ ಅಂದ್ರಿ?” ಎಂದು ಕೇಳಿದೆ.

“ಚಲೋ ಆಗೇತಿ ಅಂದೆ. ಏನ ಅನ್ನೂದು?”

“ಮತ್ತ ವಾಚ ಹಾಕ್ಕೊಳ್ಳೂದ ಬಿಡಲಿಲ್ಲ?”

“ಯಾಕ ಬಿಡ್ತಾರ? ವಾಚ ಚಲೋ ಇತ್ತಲ್ಲ! ಸಿಟ್ಟು ಹೆಸರಿನ ಮ್ಯಾಲ, ವಾಚಿನ ಮ್ಯಾಲ ಅಲ್ಲ.” ಆಕೆ ನಕ್ಕು, ತೊಗರಿಯಲ್ಲಿ ಸಿಕ್ಕ ಕಲ್ಲೊಂದನ್ನು ಅಂಗಳಕ್ಕೆ ಎಸೆದರು. “ಆಲಮೇಲಕ್ಕ ಹೋಗೂದು ಬಿಟ್ರು. ನನ್ನ ತಂಗಿ ಗಂಡನ ಕೂಡ ಮಾತ ಬಿಟ್ರು. ಸಾಯೂ ತನಕ ಆಡಲಿಲ್ಲ.”

ಬಾಗೇವಾಡಿಯವರು ಬಹಳ ಹೊತ್ತಿನಿಂದ ತಡೆಹಿಡಿದಿದ್ದ ಪ್ರಶ್ನೆಯನ್ನು ಕೇಳಿದರು. ಮೇಲಿನ ಬಣ್ಣ ತೆಗೆಸಬಹುದು, ಕೆಳಗಿನದು ಉಳಿಯಬಹುದು, ಉಳಿಯದೆಯೂ ಹೋಗಬಹುದು. “ತಗಸಲೇನ್ರಿ?”

“ನಿಮ್ಮ ವಾಚರಿ ಅದು. ನನ್ನ ಯಾಕ ಕೇಳ್ತೀರಿ?” ಎಂದರು ಆಕೆ. ಆಮೇಲೆ, “ಹೆಸರು ಹ್ಯಾಂಗಿತ್ತು ಅಂತ ನೋಡಬೇಕಂದ್ರ ಅದನ್ನ ಯಾಕ ಕೆರೀತೀರಿ? ಸಿಂದಗ್ಯಾಗ ನನ್ನ ತಂಗಿ ಮನ್ಯಾಗ ಇನ್ನೊಂದ ಐತಲ್ಲ, ಹೋಗಿ ನೋಡ್ರಿ” ಎಂದರು. ಹಾಗೆಂದವರೇ ಮೊಮ್ಮಗಳಿಂದ ಫೋನು ಹಚ್ಚಿಸಿ ತಂಗಿಯೊಡನೆ ಮಾತಾಡಿದರು. “ಇಬ್ರು ಬರ್ತಾರ, ನಿಮ್ಮ ಮನಿಯವರ ವಾಚ ತೋರಸು. ಊಟಾ ಮಾಡಿಸಿ ಕಳಸು.” ಆಮೇಲೆ ಯಾರದೋ ಮೊಣಕಾಲಿನ ನೋವು, ಹುಣಸೆಹಣ್ಣಿನ ಧಾರಣೆ, ಹೀಗೆ ಮಾತು ನಡೆಯಿತು.

ನನಗೆ ಆಶ್ಚರ್ಯವಾಯಿತು. “ಎರಡೂ ಮನಿ ನಡಬರಕ ಮಾತಿರಲಿಲ್ಲ ಅಂದ್ರಿ?”

“ಗಂಡಸರ ನಡಬರಕ ಇರಲಿಲ್ಲ” ಎಂದರು ಆಕೆ. “ನಾವ್ಯಾಕ ಬಿಡ್ತೇವಿ? ಮೊದಲ ಕಾಗದಾ ಬರಸ್ತಿದ್ವಿ, ಈಗ ದಿನಾ ಫೋನ್ ಐತಿ.”

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಬಾಗೇವಾಡಿಯವರು ತಕರಾರು ಮುಚ್ಚುವ ಬಟನ್ ಇನ್ನೂ ಒತ್ತಿರಲಿಲ್ಲ. ಸಿಂದಗಿಯದನ್ನು ನೋಡದೆ ಪೂರ್ತಿ ಖಾತ್ರಿಯಾಗುವುದಿಲ್ಲ ಎಂದರು. ಒಂದು ಅಳತೆಯನ್ನು ಎರಡು ಕಡೆಯಿಂದ ತೆಗೆಯದೆ ಸಹಿ ಮಾಡುವ ಅಭ್ಯಾಸ ತಮಗಿಲ್ಲವಂತೆ. ಆ್ಯಪಿನಿಂದ ನನಗೆ ದಿನಾ ನೆನಪಿನ ಓಲೆ ಬರುತ್ತಿತ್ತು. ಮುಂದಿನ ವಾರ ಸಿಂದಗಿಗೆ ಹೋದೆ. ಅವರು ನನಗಿಂತ ಮೊದಲೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಕಿರಿಯ ಅಳಿಯ ಈಗ ಎಪ್ಪತ್ತು ದಾಟಿದವರು. ದಪ್ಪನೆಯ ಶರೀರ, ಸಣ್ಣ ದನಿ. ಅವರ ಹೆಂಡತಿ ನಮ್ಮನ್ನು ಕೂರಿಸಿ, ಅಕ್ಕ ಹೇಳಿದಂತೆಯೇ ಮೊದಲು ಊಟ, ಆಮೇಲೆ ವಾಚು ಎಂದರು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಉಂಡ ಮೇಲೆ ಸಿಂದಗಿಯವರು ಕಪಾಟಿನಿಂದ ಕರವಸ್ತ್ರದಲ್ಲಿ ಸುತ್ತಿದ ವಾಚು ತಂದರು. ಅದೇ ಹಾಲುಬಿಳಿ, ಸ್ವಲ್ಪ ಹಳದಿಗೆ ತಿರುಗಿದ್ದು. ಆರರ ಅಂಕಿಯ ಮೇಲೆ ಸಣ್ಣ ಕಪ್ಪು ಅಕ್ಷರಗಳಲ್ಲಿ ಅಂಗಡಿಯ ಹೆಸರು, ಊರು, ಕೊನೆಗೆ ಇನ್ನೂ ಹುಟ್ಟದ ಮಗನ ಸುದ್ದಿ.

ಬಾಗೇವಾಡಿಯವರು ತಮ್ಮದನ್ನು ಜೇಬಿನಿಂದ ತೆಗೆದು ಪಕ್ಕಕ್ಕೆ ಇಟ್ಟರು. ಸಿಂದಗಿಯವರು ಅದನ್ನು ನೋಡಿ ಗುರುತು ಹಿಡಿಯಲಿಲ್ಲ. ನಾನೇ ಹೇಳಿದೆ, ಇದು ನಾಲತವಾಡದವರದು, ಹೆಸರು ಅಳಿಸಿದ್ದು ಎಂದು.

“ಅವರದಾ?” ಎಂದರು. ಕೈಗೆ ತೆಗೆದುಕೊಂಡರು. “ಇದನ್ನ ಹಾಕ್ಕೊಂತಿದ್ರ ಅವರು?”

“ಕಡೀ ತನಕ ಹಾಕ್ಕೊಂಡಾರಂತ್ರಿ.”

“ನಾ ಬಿಸಾಡ್ಯಾರ ಅಂತ ತಿಳದಿದ್ದೆ.” ಅದನ್ನು ತಮ್ಮದರ ಪಕ್ಕಕ್ಕೆ ಇಟ್ಟರು. “ನಾನು ನಂದು ಹಾಕ್ಕೊಂಡಿಲ್ರಿ. ಯಾರದರ ಮದುವ್ಯಾಗ ಅವರು ಬಂದಿದ್ರ, ಬಿಚ್ಚಿ ಕಿಸೇದಾಗ ಇಟಗೊಂತಿದ್ದೆ. ಅವರಿಗೆ ಕಂಡು ಮತ್ತ ಸಿಟ್ಟ ಬಂದೀತು ಅಂತ. ಮುಂದ ಹಾಕೂದ ಬಿಟ್ಟೆ.”

ಆ ದಿನ ಏನಾಗಿತ್ತು ಎಂದು ಬಾಗೇವಾಡಿಯವರು ಕೇಳಿದರು. ಅವರಿಗೆ ಕೇಳದೆ ಇರಲಾಗುತ್ತಿರಲಿಲ್ಲ.

“ಏನೂ ಆಗಿರಲಿಲ್ರಿ. ಅವರು ಎತ್ತಿಗೆ ನೀರು ಕುಡಸಾಕ ಹೊರಗ ಹೋಗಿದ್ರು. ಸ್ವಾಮಿಗೋಳು ಹೊತ್ತ ಮೀರತೈತಿ, ಯಾರರ ಒಬ್ಬ ಅಳಿಯಾ ಕುಂಡ್ರರಿ ಅಂದ್ರು. ನಾ ಕುಂತೆ. ಸುತ್ತಿದ್ರು. ಅವರು ಒಳಗ ಬಂದಾಗ ರುಮಾಲು ನನ್ನ ತಲೀ ಮ್ಯಾಲ ಇತ್ತು.” ಎರಡೂ ವಾಚುಗಳಿಗೆ ಒಂದರ ಹಿಂದೆ ಒಂದು ಚಾವಿ ಕೊಟ್ಟರು. “ತಗದು ಕೊಡಾಕ ಬರ್ತಿತ್ತೇನು? ಈಗ ಅನಸತೈತಿ, ಬರ್ತಿತ್ತು.”

ಅವರ ಹೆಂಡತಿ ತಾಟುಗಳನ್ನು ಎತ್ತುತ್ತ, “ಅಕ್ಕ ಆವಾಗ ಹೇಳಿದ್ಲು ನನಗ, ಎತ್ತಿನ ಸಂಬಂಧ ಆಗಿದ್ದಿದು ಅಂತ. ಇಬ್ರಿಗೂ ಹೇಳಿದ್ವಿ. ಇಬ್ರೂ ಕೇಳಲಿಲ್ಲ” ಎಂದರು. ಅಷ್ಟು ಹೇಳಿ ಒಳಗೆ ಹೋದರು.

ಸಿಂದಗಿಯವರು ನಾಲತವಾಡದ ವಾಚನ್ನು ತಮಗೆ ಮಾರುವಿರಾ ಎಂದು ಬಾಗೇವಾಡಿಯವರನ್ನು ಕೇಳಿದರು. ಇಲ್ಲ ಎಂದರು. ನಿಮ್ಮದನ್ನು ನನಗೆ ಮಾರುವಿರಾ ಎಂದು ಬಾಗೇವಾಡಿಯವರು ಕೇಳಿದರು. ಸಿಂದಗಿಯವರೂ ಇಲ್ಲ ಎಂದರು. ಇಬ್ಬರೂ ಮತ್ತೆ ಕೇಳಲಿಲ್ಲ. ನಾನು ಮಾರುವವಳು, ಕೊಳ್ಳುವವಳು, ಇಂಥ ಕಡೆ ಒಂದು ದಾರಿ ತೋರಿಸಬಹುದಿತ್ತು, ಆದರೆ ನನಗೆ ಯಾವ ದಾರಿಯೂ ತೋಚಲಿಲ್ಲ. ಬಾಗೇವಾಡಿಯವರು ಎರಡನ್ನೂ ಜೊತೆಗಿಟ್ಟು ಫೋಟೊ ತೆಗೆದುಕೊಂಡರು. ಬಣ್ಣ ತೆಗೆಸುವ ವಿಚಾರವನ್ನು ಅವರು ಆಮೇಲೆ ಎತ್ತಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಎದುರಿಗೇ, ತಕರಾರು ಬಗೆಹರಿದಿದೆ ಎಂಬ ಬಟನ್ ಒತ್ತಿದರು. ಅದಕ್ಕಾಗಿ ಕನ್ನಡಕ ಬದಲಿಸಬೇಕಾಯಿತು. ಸಂಜೆ ಇಂಡಿ ಮುಟ್ಟುವುದರೊಳಗೆ ನನ್ನ ಖಾತೆ ತೆರೆದಿತ್ತು. ಅವರ ಅಭಿಪ್ರಾಯವೂ ಬಂದಿತ್ತು. ಐದರಲ್ಲಿ ಮೂರು ನಕ್ಷತ್ರ. “ಡಯಲ್ ಮರುಬಣ್ಣ ಮಾಡಿದ್ದು. ಮಾರಿದವರು ಒಪ್ಪಿಕೊಂಡಿದ್ದಾರೆ. ಮಷೀನು ಚಲೋ ಇದೆ.” ನಾಲತವಾಡ, ಸಿಂದಗಿಗಳ ಬಗ್ಗೆ ಒಂದಕ್ಷರ ಇರಲಿಲ್ಲ. ಇಷ್ಟು ತಿರುಗಾಡಿಸಿ ಮೂರೇ ನಕ್ಷತ್ರ ಕೊಟ್ಟರಲ್ಲ ಎಂದು ನನಗೆ ಆ ಕ್ಷಣಕ್ಕೆ ಸಿಟ್ಟು ಬಂತು. ಮತ್ತೆ ಓದಿದಾಗ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅವರು ಆಗಾಗ ಸಿಂದಗಿಗೆ ಹೋಗಿ ಬರುತ್ತಾರೆ ಎಂದು ನಂತರ ಆ ಮನೆಯವರಿಂದಲೇ ತಿಳಿಯಿತು.

ದೀಪಾವಳಿಯ ಹಿಂದೆಮುಂದೆ ನಾಲತವಾಡದ ತಾಯಿಯ ಫೋನು ಬಂತು. ಹೆಂಗಸರು ಕಟ್ಟುವ ವಾಚು ಇವೆಯೇ ಎಂದು ಕೇಳಿದರು.

“ಅದಾವ್ರಿ. ಯಾರಿಗೆ?”

“ನನಗೊಂದು, ತಂಗಿಗೊಂದು. ನಮಗ ಯಾರೂ ಕೊಟ್ಟಿಲ್ಲಲ್ಲ. ಅಂಕಿ ದೊಡ್ಡೂ ಇರಬೇಕ ನೋಡು.”

ನನ್ನಲ್ಲಿ ಅದೇ ಕಾಲದ, ಚಾವಿ ಕೊಡುವ, ಬಲು ಚೆಂದದ ಎರಡು ಸಣ್ಣ ವಾಚುಗಳಿದ್ದವು. ಅವುಗಳ ವಿಷಯ ಹೇಳತೊಡಗಿದೆ. ಆಕೆ ಅರ್ಧಕ್ಕೇ ತಡೆದರು. “ಚಾವೀದು ಬ್ಯಾಡವ್ವಾ. ದಿನಾ ಯಾರು ತಿರುವತಾರ? ಸೆಲ್ಲಿಂದು ಕೊಡು, ಹೊಸಾದು.”

ಹೊಸ ವಾಚು ನಾನು ಮಾರುವುದಿಲ್ಲ. ಇಂಡಿಯ ಬಜಾರಿನಲ್ಲಿ ದೊಡ್ಡ ಅಂಕಿಯ ಎರಡನ್ನು ಕೊಂಡು, ಒಂದನ್ನು ನಾಲತವಾಡಕ್ಕೂ ಒಂದನ್ನು ಸಿಂದಗಿಗೂ ಕಳಿಸಿದೆ. ವಾರದ ಮೇಲೆ ಇಬ್ಬರೂ ಒಂದೇ ದಿನ ಫೋನು ಮಾಡಿದರು. ಅಕ್ಕನ ಪಟ್ಟಿ ಸಡಿಲವಾಗಿತ್ತು, ತಂಗಿಯದು ಬಿಗಿಯಾಗಿತ್ತು. ಅವರು ಅದಾಗಲೇ ತಮ್ಮೊಳಗೆ ಮಾತಾಡಿ, ಒಬ್ಬರದನ್ನು ಇನ್ನೊಬ್ಬರಿಗೆ ಕಳಿಸುವುದೆಂದು ನಿರ್ಧರಿಸಿದ್ದರು. ನನಗೆ ಹೇಳಬೇಕೆಂದು ಹೇಳಿದ್ದು, ಅಷ್ಟೆ.